ತುರಿಕೆಗೆ ಒಂದು ಟ್ಯೂಬ್ ಸಾಲದು: ಯೀಸ್ಟ್ ಸೋಂಕಿನ ಕಾರಣ, ತಡೆ, ಚಿಕಿತ್ಸೆ

"ಭಯ್ಯಾ, ಖುಜಲೀ ಕಾ ಟ್ಯೂಬ್ ದೇನಾ." ಮುಂಬಯಿಯ ಯಾವ ಗಲ್ಲಿಯ ಮೆಡಿಕಲ್ ಶಾಪಿನಲ್ಲೂ ಕೇಳಿಸುವ ಮಾತು ಇದು. ತುರಿಕೆ ಎಲ್ಲಿ ಎಂದು ಅಂಗಡಿಯವನು ಕೇಳುವುದಿಲ್ಲ, ಕೊಳ್ಳಲು ಬಂದವಳು ಹೇಳುವುದೂ ಇಲ್ಲ. ಟ್ಯೂಬ್ ಸಿಗುತ್ತದೆ, ನಾಲ್ಕು ದಿನ ಆರಾಮ ಅನಿಸುತ್ತದೆ, ಹದಿನೈದು ದಿನಕ್ಕೆ ತುರಿಕೆ ವಾಪಸ್. ಮತ್ತೆ ಅದೇ ಟ್ಯೂಬ್. ಹೀಗೆ ವರ್ಷಗಟ್ಟಲೆ ಕಳೆದವರು ನಮ್ಮ ನಡುವೆ ಕಡಿಮೆ ಇಲ್ಲ. ಗಂಡಸರ ಕಥೆಯೂ ಬೇರೆಯಲ್ಲ, ಅವರು ಇನ್ನೂ ಕಡಿಮೆ ಮಾತಾಡುತ್ತಾರೆ ಅಷ್ಟೆ.

ಈ ತುರಿಕೆಗಳಲ್ಲಿ ದೊಡ್ಡ ಪಾಲು ಶಿಲೀಂಧ್ರದ್ದು, ಅಂದರೆ ಫಂಗಸ್‌ನದ್ದು. ಅದರಲ್ಲೂ ಯೀಸ್ಟ್ ಎಂಬ ಜಾತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇದು ಅಪರೂಪದ ಕಾಯಿಲೆ ಅಲ್ಲ. ನಾಲ್ವರು ಮಹಿಳೆಯರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಯೋನಿಯ ಯೀಸ್ಟ್ ಸೋಂಕು ಬರುತ್ತದೆ ಎಂಬುದು ವೈದ್ಯಕೀಯ ಪುಸ್ತಕಗಳು ಕೊಡುವ ಅಂದಾಜು. ಯೋನಿ ಎಂಬ ಶಬ್ದವನ್ನು ಬೇಕೆಂದೇ ಬಳಸುತ್ತಿದ್ದೇನೆ. "ಗುಪ್ತ ಜಾಗ", "ಕೆಳಗೆ" ಅಂತ ಹೇಳುತ್ತಾ ಹೋದರೆ ಯಾವ ಔಷಧಿ ಒಳಗೆ, ಯಾವುದು ಹೊರಗೆ ಎಂಬುದೇ ಗೊಂದಲವಾಗುತ್ತದೆ.

ಯೀಸ್ಟ್ ಎಂದರೆ ಬ್ರೆಡ್ ಉಬ್ಬಿಸುವುದು ನೆನಪಾಗುತ್ತದೆ. ಬೇಕರಿಯ ಯೀಸ್ಟ್ ಬೇರೆ, ನಮ್ಮ ಮೈಯಲ್ಲಿರುವುದು ಬೇರೆ, ಆದರೆ ಎರಡೂ ಒಂದೇ ಕುಲದ ಏಕಕೋಶ ಜೀವಿಗಳು. ನಮ್ಮ ಮೈಯದರ ಹೆಸರು ಕ್ಯಾಂಡಿಡಾ. ಅದರ ಬಳಗದಲ್ಲಿ ಮುಖ್ಯವಾದದ್ದು ಕ್ಯಾಂಡಿಡಾ ಅಲ್ಬಿಕಾನ್ಸ್. ಆರೋಗ್ಯವಂತರ ಬಾಯಿ, ಕರುಳು, ಯೋನಿಯಲ್ಲಿ ಅದು ಸುಮ್ಮನೆ ಬಾಡಿಗೆದಾರನ ಹಾಗೆ ಇರುತ್ತದೆ. ಯೋನಿಯಲ್ಲಿ ಅದರ ಜೊತೆಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳೂ ಇರುತ್ತವೆ, ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ನೆಂಟರು. ಇವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಆ ಜಾಗವನ್ನು ಹುಳಿಯಾಗಿಡುತ್ತವೆ, ಬೇರೆ ಜೀವಿಗಳು ಮಿತಿಮೀರಿ ಬೆಳೆಯದಂತೆ ನೋಡಿಕೊಳ್ಳುತ್ತವೆ. ಈ ಸಮತೋಲನ ತಪ್ಪಿದಾಗ, ಅಥವಾ ದೇಹದ ಕಾವಲು ಸಡಿಲವಾದಾಗ, ಸುಮ್ಮನಿದ್ದ ಯೀಸ್ಟ್ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ದುಂಡಗಿನ ಕಣಗಳಿಂದ ಎಳೆಗಳು ಚಿಗುರಿ ಚರ್ಮದ ಪದರಕ್ಕೆ ಇಳಿಯುತ್ತವೆ. ಆಗಲೇ ಉರಿ, ತುರಿಕೆ, ಕೆಂಪು.

ಇಷ್ಟು ಅರ್ಥವಾದರೆ ಒಂದು ದೊಡ್ಡ ತೊಂದರೆ ತಪ್ಪುತ್ತದೆ. ಇದು ಸಾಮಾನ್ಯವಾಗಿ ಯಾರಿಂದಲೋ ಅಂಟಿಕೊಂಡು ಬಂದದ್ದಲ್ಲ, ಮೊದಲೇ ನಮ್ಮಲ್ಲಿದ್ದದ್ದು ಬೆಳೆದದ್ದು. ಮದುವೆಯಾಗದ ಹುಡುಗಿಯರಿಗೂ ಬರುತ್ತದೆ, ಗಂಡ ಗಲ್ಫಿನಲ್ಲಿರುವ ಹೆಂಗಸಿಗೂ ಬರುತ್ತದೆ. ಲೈಂಗಿಕ ರೋಗಗಳ ಪಟ್ಟಿಯಲ್ಲಿ ವೈದ್ಯರು ಇದನ್ನು ಸೇರಿಸುವುದಿಲ್ಲ. ಗಂಡನಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಅವನಿಗೆ ಔಷಧಿ ಕೊಡುವ ಪದ್ಧತಿಯೂ ಇಲ್ಲ. "ಎಲ್ಲಿಂದ ತಂದೆ?" ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಹೆಂಗಸರನ್ನು ಡಾಕ್ಟರ ಹತ್ತಿರ ಹೋಗದಂತೆ ತಡೆದಿದೆ. ಆ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಆಧಾರವೇ ಇಲ್ಲ. ಕೊಳಕಿನಿಂದ ಬಂತು ಅನ್ನುವುದೂ ತಪ್ಪೇ. ದಿನಕ್ಕೆ ಮೂರು ಸಲ ಸೋಪು ಹಾಕಿ ತೊಳೆಯುವವರಿಗೇ ಕೆಲವೊಮ್ಮೆ ಹೆಚ್ಚು ಕಾಟ. ಅದನ್ನು ಮುಂದೆ ಹೇಳುತ್ತೇನೆ.

ಈಗ ಹೆಸರುಗಳ ವಿಷಯ. ಊರಲ್ಲಿ ನಾವು ಚಿಬ್ಬು, ಗಜಕರ್ಣ, ಬಿಳಿಸೆರಗು ಎಂದೆಲ್ಲ ಹೇಳುತ್ತೇವೆ. ಎದೆ, ಬೆನ್ನು, ಕುತ್ತಿಗೆಯ ಮೇಲೆ ಬಿಳಿಚಿದ ಅಥವಾ ಕಂದು ಮಚ್ಚೆಯಾಗಿ ಹರಡುವ ಚಿಬ್ಬು ಕೂಡ ಯೀಸ್ಟಿನದ್ದೇ, ಆದರೆ ಮಲಸ್ಸೀಝಿಯಾ ಎಂಬ ಇನ್ನೊಂದು ಯೀಸ್ಟಿನದ್ದು. ತಲೆಹೊಟ್ಟಿನಲ್ಲೂ ಅದರ ಕೈವಾಡ ಇದೆ. ಉಂಗುರದ ಹಾಗೆ ಅಂಚು ಕಟ್ಟಿಕೊಂಡು ದೊಡ್ಡದಾಗುವ ಗಜಕರ್ಣ ಫಂಗಸ್ ಹೌದು, ಯೀಸ್ಟ್ ಅಲ್ಲ. ಅದು ಒಬ್ಬರಿಂದೊಬ್ಬರಿಗೆ ಟವೆಲ್, ಬಟ್ಟೆಯಿಂದ ಹರಡುತ್ತದೆ, ಚಿಕಿತ್ಸೆಯೂ ಹೆಚ್ಚು ದಿನದ್ದು. ಇನ್ನು ಬಿಳಿಸೆರಗು ಒಂದು ರೋಗದ ಹೆಸರೇ ಅಲ್ಲ, ಅದು ಬರೀ ಒಂದು ಲಕ್ಷಣ.

ಬಿಳಿಸೆರಗಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಎಡವುವುದು ಇಲ್ಲೇ. ಆರೋಗ್ಯವಾಗಿರುವ ಹೆಣ್ಣಿಗೂ ದಿನಾ ಸ್ವಲ್ಪ ಸ್ರಾವ ಇರುತ್ತದೆ. ಎರಡು ಮುಟ್ಟಿನ ನಡುವಿನ ದಿನಗಳಲ್ಲಿ ಅದು ತಿಳಿಯಾಗಿ, ಮೊಟ್ಟೆಯ ಬಿಳಿಯ ಹಾಗೆ ಎಳೆಯಾಗಿ ಬರುತ್ತದೆ. ಗರ್ಭಿಣಿಗೆ ಇನ್ನೂ ಹೆಚ್ಚು. ಇದರಿಂದ ಮೂಳೆ ಕರಗುವುದಿಲ್ಲ, ಶಕ್ತಿ ಸೋರಿಹೋಗುವುದಿಲ್ಲ, "ಉಷ್ಣ" ಆಗಿದೆ ಎಂದು ಎಳನೀರು ಕುಡಿದು ಕೂರಬೇಕಾಗಿಲ್ಲ. (ಎಳನೀರು ಕುಡಿಯಬೇಡಿ ಅನ್ನುತ್ತಿಲ್ಲ, ಕುಡಿಯಿರಿ, ಅದು ಔಷಧಿ ಅಲ್ಲ ಅಷ್ಟೆ.) ಯೀಸ್ಟ್ ಸೋಂಕಿನಲ್ಲಿ ಸ್ರಾವ ಗಟ್ಟಿಯಾಗಿ, ಒಡೆದ ಹಾಲಿನ ಚೂರಿನ ಹಾಗೆ ಇರುತ್ತದೆ. ವಾಸನೆ ಅಷ್ಟಾಗಿ ಇರುವುದಿಲ್ಲ, ಆದರೆ ತುರಿಕೆ ವಿಪರೀತ. ಮೂತ್ರ ಹೋಗುವಾಗ ಹೊರಗಿನ ಚರ್ಮಕ್ಕೆ ತಾಗಿ ಚುರ್ ಅನ್ನುತ್ತದೆ. ಸ್ರಾವ ತೆಳ್ಳಗೆ, ಬೂದು ಬಣ್ಣದ್ದಾಗಿ, ಮೀನಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾಗಳ ಏರುಪೇರು. ಹಳದಿ ಹಸಿರಾಗಿ ನೊರೆನೊರೆ ಬಂದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಇರಬಹುದು. ಅದು ಮಾತ್ರ ಲೈಂಗಿಕವಾಗಿ ಹರಡುವುದು, ಗಂಡ ಹೆಂಡತಿ ಇಬ್ಬರೂ ಔಷಧಿ ತೆಗೆದುಕೊಳ್ಳಬೇಕು. ಈ ಎರಡಕ್ಕೂ ಕೊಡುವ ಮೆಟ್ರೋನಿಡಝೋಲ್ ಯೀಸ್ಟನ್ನು ಕೊಲ್ಲುವುದಿಲ್ಲ. ಯೀಸ್ಟಿನ ಔಷಧಿ ಆ ಎರಡನ್ನು ಗುಣಪಡಿಸುವುದಿಲ್ಲ.

ಪುಸ್ತಕದಲ್ಲಿ ಇಷ್ಟು ಸಲೀಸಾಗಿ ಬೇರ್ಪಟ್ಟದ್ದು ಮೈಮೇಲೆ ಹಾಗೆ ಬೇರ್ಪಡುವುದಿಲ್ಲ. ಅಮೆರಿಕದಲ್ಲಿ ತಮಗೆ ಯೀಸ್ಟ್ ಸೋಂಕು ಎಂದು ತಾವೇ ತೀರ್ಮಾನಿಸಿ ಔಷಧಿ ಕೊಳ್ಳಲು ಬಂದ ಮಹಿಳೆಯರನ್ನು ಪರೀಕ್ಷಿಸಿದಾಗ, ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರ ಬರೀ ಯೀಸ್ಟ್ ಇತ್ತು. ಹಾಗಾಗಿ ಮೊದಲ ಸಲ ಬಂದಾಗಲಾದರೂ ತೋರಿಸಿಕೊಳ್ಳಿ. ಪರೀಕ್ಷೆ ದೊಡ್ಡದೇನಲ್ಲ. ಸ್ರಾವದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟಿನ ಮೊಗ್ಗುಗಳು, ಎಳೆಗಳು ಕಾಣುತ್ತವೆ. ಕೆಲವೇ ನಿಮಿಷದ ಕೆಲಸ, ಖರ್ಚೂ ಹೆಚ್ಚಿಲ್ಲ.

ಸಮತೋಲನ ತಪ್ಪುವುದು ಯಾಕೆ? ಮೊದಲನೆಯ ಆರೋಪಿ ಆ್ಯಂಟಿಬಯೋಟಿಕ್. ಶೀತ, ಗಂಟಲು ನೋವಿಗೆಲ್ಲ ನಾವೇ ಅಂಗಡಿಯಿಂದ ತಂದು ನುಂಗುವ ಕ್ಯಾಪ್ಸೂಲ್ ಕಾಯಿಲೆಯ ಬ್ಯಾಕ್ಟೀರಿಯಾದ ಜೊತೆಗೆ ಲ್ಯಾಕ್ಟೋಬ್ಯಾಸಿಲಸ್‌ಗಳನ್ನೂ ಕೊಲ್ಲುತ್ತದೆ. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ, ಖಾಲಿಯಾದ ಜಾಗವೆಲ್ಲ ಅದರದ್ದೇ. ಗರ್ಭಾವಸ್ಥೆಯಲ್ಲಿ ಹಾರ್ಮೋನು ಏರಿ ಯೀಸ್ಟಿಗೆ ಅನುಕೂಲ ಆಗುತ್ತದೆ. ಸ್ಟೆರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ ಇವು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ.

ಆದರೆ ನಮ್ಮ ಜನರಿಗೆ ಒತ್ತಿ ಹೇಳಬೇಕಾದದ್ದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಮೂತ್ರದಲ್ಲೂ ಬರುತ್ತದೆ, ಯೀಸ್ಟಿಗೆ ಅದು ಹಬ್ಬದೂಟ. ಬಿಳಿ ರಕ್ತಕಣಗಳ ಕೆಲಸವೂ ಮಂದವಾಗುತ್ತದೆ. ಎಷ್ಟೋ ಜನರಲ್ಲಿ ಸಕ್ಕರೆ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದೇ ಹೀಗೆ: ಹೆಂಗಸರಿಗೆ ಬಿಟ್ಟುಬಿಡದ ತುರಿಕೆ, ಗಂಡಸರಿಗೆ ಶಿಶ್ನದ ತುದಿಯಲ್ಲಿ ಕೆಂಪು, ಉರಿ, ಬಿಳಿ ಪುಡಿಯಂಥ ಪದರ. ಖತ್ನಾ ಆದವರಲ್ಲಿ ಇದು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಟ್ಯಾಕ್ಸಿ ಓಡಿಸುತ್ತಾ, ಹೋಟೆಲಿನ ಗಲ್ಲೆಯಲ್ಲಿ ಕೂತು ದಿನ ದೂಡುವ ನಲವತ್ತು ದಾಟಿದ ಗಂಡಸು ಈ ತುರಿಕೆಗೆ ಟ್ಯೂಬ್ ಹಚ್ಚಿಕೊಂಡು ಸುಮ್ಮನಿದ್ದರೆ, ಒಳಗೆ ಸಕ್ಕರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳ ಮೇಲೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮತ್ತೆ ಮತ್ತೆ ಯೀಸ್ಟ್ ಸೋಂಕು ಬರುವ ಯಾರೇ ಆಗಲಿ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಅದು ಸಕ್ಕರೆ ಕಾಯಿಲೆಯ ಮಟ್ಟ.

ಈಗಾಗಲೇ ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇನ್ನೊಂದು ವಿಷಯ ಗಮನಿಸಿ. ಡಾಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಎಂಬ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕಿ ಕೆಲಸ ಮಾಡುತ್ತವೆ. 2020ರಲ್ಲಿ ಡಾಪಾಗ್ಲಿಫ್ಲೋಝಿನ್ ಪೇಟೆಂಟ್ ಭಾರತದಲ್ಲಿ ಮುಗಿದ ಮೇಲೆ ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಇಳಿಯಿತು, ಬಳಕೆ ಹೆಚ್ಚಿತು. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯ ಮಾತ್ರೆಯೇ. ಆದರೆ ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಯೀಸ್ಟ್ ಸೋಂಕು ಇದರ ಗೊತ್ತಿರುವ ಅಡ್ಡಪರಿಣಾಮ. ಈ ಮಾತ್ರೆ ಶುರುವಾದ ಮೇಲೆ ತುರಿಕೆ ಬಂದಿದ್ದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ನೀವೇ ನಿಲ್ಲಿಸಬೇಡಿ. ಮೂತ್ರದ ನಂತರ ತೊಳೆದು ಒರೆಸಿ ಒಣಗಿಸಿಕೊಂಡರೆ ಬಹಳ ಜನರಿಗೆ ತೊಂದರೆ ತಗ್ಗುತ್ತದೆ. ಬಹಳ ಅಪರೂಪಕ್ಕೆ ಆ ಭಾಗದಲ್ಲಿ ತೀವ್ರ ನೋವು, ಊತ, ಜೊತೆಗೆ ಜ್ವರ ಬಂದರೆ ಅದು ಬರೀ ಯೀಸ್ಟ್ ಅಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು.

ತೊಳೆಯುವ ವಿಷಯಕ್ಕೆ ಬರೋಣ. ನೀರಿನಿಂದ ಇಸ್ತಿಂಜಾ ಮಾಡುವ ನಮ್ಮ ರೂಢಿ ಒಳ್ಳೆಯದೇ. ತೊಂದರೆ ಬರುವುದು ಅತಿ ಮಾಡಿದಾಗ. ಸ್ರಾವ ಕಂಡ ಕೂಡಲೇ ವುಝೂ ಉಳಿಯಿತೋ ಇಲ್ಲವೋ ಎಂಬ ಚಿಂತೆಯಿಂದ ಸೋಪು, ಡೆಟಾಲ್, "ಇಂಟಿಮೇಟ್ ವಾಶ್" ಹಾಕಿ ಬೆರಳಿನಿಂದ ಒಳಗೂ ತೊಳೆಯುವವರಿದ್ದಾರೆ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅಲ್ಲಿಗೆ ಸೋಪು ಹೋದರೆ ಹುಳಿತನ ಹೋಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತವೆ, ಚರ್ಮ ಸುಲಿದ ಹಾಗಾಗುತ್ತದೆ. ಹೊರಗೆ ಮಾತ್ರ ಬರೀ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆದು, ಮೆತ್ತಗಿನ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು. ಸ್ರಾವ ಮತ್ತು ನಮಾಝಿನ ಮಸಲೆಯನ್ನು ಬಲ್ಲವರ ಹತ್ತಿರ ಕೇಳಿ, ಅದರ ಉತ್ತರ ಡೆಟಾಲಿನಲ್ಲಿ ಇಲ್ಲ.

ಯೀಸ್ಟಿಗೆ ಬೆಚ್ಚಗಿನ ತೇವ ಇಷ್ಟ. ಮುಂಬಯಿ, ಚೆನ್ನೈಯಲ್ಲಿ ಇದು ವರ್ಷವಿಡೀ ಪುಕ್ಕಟೆ. ಜುಲೈ ತಿಂಗಳಲ್ಲಿ ಚಾಳಿನ ಒಂದೇ ಕೋಣೆಯಲ್ಲಿ ಹಗ್ಗ ಕಟ್ಟಿ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಅರೆಹಸಿ ಒಳಉಡುಪು ಹಾಕಿಕೊಂಡೇ ಲೋಕಲ್ ಟ್ರೇನು ಹತ್ತಬೇಕು. ಮೇಲೆ ಸಿಂಥೆಟಿಕ್ ಲೆಗ್ಗಿಂಗ್ಸ್, ಅದರ ಮೇಲೆ ಬುರ್ಖಾ. ಬುರ್ಖಾದಿಂದ ಸೋಂಕು ಬರುತ್ತದೆ ಎನ್ನುವುದು ಅರ್ಥವಿಲ್ಲದ ಮಾತು, ಒಳಗಿನ ಬಟ್ಟೆ ಹತ್ತಿಯದಾಗಿ, ಸಡಿಲವಾಗಿ, ಒಣಗಿದ್ದರೆ ಆಯಿತು. ಒಳಉಡುಪನ್ನು ಇತರ ಬಟ್ಟೆಯ ಅಡಿಯಲ್ಲಿ ಮುಚ್ಚಿ ಒಣಗಿಸುವ ಅಭ್ಯಾಸ ಬಿಡಿ. ಬಿಸಿಲು ಇಲ್ಲದಿದ್ದರೆ ಇಸ್ತ್ರಿ ಹಾಕಿ ತೇವ ತೆಗೆಯಿರಿ. ಬೆವರಿದ, ಒದ್ದೆಯಾದ ಬಟ್ಟೆಯಲ್ಲಿ ತುಂಬಾ ಹೊತ್ತು ಇರಬೇಡಿ. ದಪ್ಪ ಮೈಯವರಿಗೆ ಸ್ತನದ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ, ತೊಡೆಸಂದಿನಲ್ಲಿ, ಪಾತ್ರೆ ತೊಳೆಯುವ ಕೆಲಸದವರಿಗೆ ಬೆರಳ ಸಂದಿನಲ್ಲಿ ಇದೇ ಕ್ಯಾಂಡಿಡಾ ಹಿಡಿಯುತ್ತದೆ. ವುಝೂ ಆದ ಮೇಲೆ ಕಾಲ್ಬೆರಳ ಸಂದುಗಳನ್ನು ಒರೆಸಿಕೊಂಡು ಆಮೇಲೆ ಸಾಕ್ಸ್ ಹಾಕಿ.

ಬಾಯಿಯಲ್ಲೂ ಬರುತ್ತದೆ. ಎಳೆಮಗುವಿನ ನಾಲಿಗೆ, ಕೆನ್ನೆಯ ಒಳಗೆ ಹಾಲಿನ ಕೆನೆಯಂತೆ ಕಂಡು, ಒರೆಸಿದರೆ ಹೋಗದಿದ್ದರೆ ಅದು ಯೀಸ್ಟ್. ಉಜ್ಜಿ ಕೀಳಬೇಡಿ, ವಾಸಿಯಾಗಲಿ ಎಂದು ಜೇನು ಸವರಬೇಡಿ. ಒಂದು ವರ್ಷದ ಒಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಅಸ್ತಮಾಕ್ಕೆ ಸ್ಟೆರಾಯ್ಡ್ ಇನ್ಹೇಲರ್ ಎಳೆಯುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಯಬೇಕು. ಹಲ್ಲು ಸೆಟ್ ಹಾಕುವ ಹಿರಿಯರು ರಾತ್ರಿ ಅದನ್ನು ತೆಗೆದಿಟ್ಟು ಮಲಗಬೇಕು. ಯಾವ ಕಾರಣವೂ ಇಲ್ಲದೆ ದೊಡ್ಡವರ ಬಾಯಲ್ಲಿ ಹೀಗೆ ಬಿಳಿ ಪದರ ಬಂದರೆ ಸಕ್ಕರೆಯ ಜೊತೆ ಎಚ್‌ಐವಿ ಪರೀಕ್ಷೆಯನ್ನೂ ಡಾಕ್ಟರು ಹೇಳಬಹುದು, ಬೇಸರ ಮಾಡಿಕೊಳ್ಳಬೇಡಿ.

ಔಷಧಿ ಸುಲಭ, ಅಗ್ಗ, ಪರಿಣಾಮಕಾರಿ. ಇದು ಯಾವಾಗಲೂ ಹೀಗಿರಲಿಲ್ಲ. ಮನುಷ್ಯರಿಗೆ ಸುರಕ್ಷಿತವಾಗಿ ಕೊಡಬಹುದಾದ ಮೊದಲ ಫಂಗಸ್ ನಿವಾರಕ ನಿಸ್ಟಾಟಿನ್ ಬಂದದ್ದು 1950ರಲ್ಲಿ. ಕಂಡುಹಿಡಿದವರು ಇಬ್ಬರು ಮಹಿಳೆಯರು, ಎಲಿಝಬೆತ್ ಹೇಝನ್ ಮತ್ತು ರೇಚಲ್ ಬ್ರೌನ್. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಬೇರೆ ಬೇರೆ ಊರಿನಲ್ಲಿ ಕೂತು, ಮಣ್ಣಿನಿಂದ ಬೆಳೆಸಿದ ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾ ಕೆಲಸ ಮಾಡಿದರು. ಆ ರಾಜ್ಯದ ಹೆಸರೇ ಔಷಧಿಗೂ ಬಂತು. ಬಂದ ರಾಯಲ್ಟಿಯನ್ನು ತಮಗೆ ಇಟ್ಟುಕೊಳ್ಳದೆ ಸಂಶೋಧನೆಗೇ ಕೊಟ್ಟರು.

ಈಗ ಹೆಚ್ಚು ಬಳಕೆಯಲ್ಲಿರುವುದು ಕ್ಲೋಟ್ರಿಮಝೋಲ್. ಯೋನಿಯ ಸೋಂಕಿಗೆ ರಾತ್ರಿ ಮಲಗುವಾಗ ಒಳಗೆ ಇಡುವ ಮಾತ್ರೆ ಬರುತ್ತದೆ. ಅದರ ಶಕ್ತಿಯ ಮೇಲೆ ಒಂದು, ಮೂರು ಅಥವಾ ಆರೇಳು ರಾತ್ರಿ. ರಾತ್ರಿಯದ್ದಾದ್ದರಿಂದ ರಮಝಾನಿನಲ್ಲೂ ತೊಡಕಿಲ್ಲ. ಇಲ್ಲದಿದ್ದರೆ ನುಂಗುವ ಫ್ಲುಕೊನಝೋಲ್ 150 ಮಿಲಿಗ್ರಾಂ, ಸಾಮಾನ್ಯ ಸೋಂಕಿಗೆ ಒಂದೇ ಒಂದು ಮಾತ್ರೆ. ಗರ್ಭಿಣಿಯರು ಫ್ಲುಕೊನಝೋಲ್ ನುಂಗಬಾರದು, ಅವರಿಗೆ ಒಳಗಿಡುವ ಔಷಧಿಯೇ, ಏಳು ದಿನ. ಸಕ್ಕರೆಗೆ ಗ್ಲಿಮೆಪಿರೈಡ್, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಫ್ಲುಕೊನಝೋಲ್ ತೆಗೆದುಕೊಳ್ಳಬಾರದು. ಅದು ಆ ಮಾತ್ರೆಗಳ ಪ್ರಭಾವ ಹೆಚ್ಚಿಸುತ್ತದೆ, ಉಪವಾಸದ ದಿನ ಸಕ್ಕರೆ ಕುಸಿದು ಬೀಳುವ ಅಪಾಯ ಇದೆ. ಚರ್ಮದ ಮಡಿಕೆಯ ಸೋಂಕಿಗೆ ಕ್ಲೋಟ್ರಿಮಝೋಲ್ ಮುಲಾಮನ್ನು ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ತುರಿಕೆ ನಿಂತ ದಿನವೇ ನಿಲ್ಲಿಸುವುದು ಎಲ್ಲರೂ ಮಾಡುವ ಕೆಲಸ, ಸೋಂಕು ವಾಪಸ್ ಬರುವುದೂ ಅದರಿಂದಲೇ.

ಮನೆಮದ್ದು? ಮೊಸರು ತಿನ್ನಿ, ಬೇಡ ಅನ್ನುವವರು ಯಾರು. ಒಳಗೆ ಹಚ್ಚಬೇಡಿ. ಬೆಳ್ಳುಳ್ಳಿ, ವಿನೆಗರ್, ಬೇವಿನೆಣ್ಣೆ ಒಳಗಿಟ್ಟು ಸುಟ್ಟುಕೊಂಡರೆ ಡಾಕ್ಟರಿಗೆ ಎರಡು ಕೆಲಸ.

ಇನ್ನು ಆ ಟ್ಯೂಬ್. ಅಂಗಡಿಯವರು ಕೊಡುವ ಎಷ್ಟೋ ಟ್ಯೂಬುಗಳಲ್ಲಿ ಫಂಗಸ್ ಔಷಧಿ, ಆ್ಯಂಟಿಬಯೋಟಿಕ್, ಮೇಲೆ ಕ್ಲೊಬೆಟಾಸೋಲ್‌ನಂಥ ಬಲವಾದ ಸ್ಟೆರಾಯ್ಡ್ ಮೂರೂ ಬೆರೆತಿರುತ್ತವೆ. ಸ್ಟೆರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಒಂದೇ ದಿನದಲ್ಲಿ ಇಳಿಸುತ್ತದೆ, ಅದಕ್ಕೇ ಅದು "ಒಳ್ಳೆ ಟ್ಯೂಬ್". ಆದರೆ ಅದು ಮಾಡುವುದು ಚರ್ಮದ ಕಾವಲುಗಾರನನ್ನು ಮಲಗಿಸುವ ಕೆಲಸ. ಅಡಿಯಲ್ಲಿ ಫಂಗಸ್ ಆರಾಮವಾಗಿ ಹರಡುತ್ತದೆ, ಟ್ಯೂಬ್ ನಿಲ್ಲಿಸಿದ ಕೂಡಲೇ ದುಪ್ಪಟ್ಟಾಗಿ ಕಾಣಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳ್ಳಗಾಗಿ, ಮಾಸದ ಗೆರೆಗಳು ಬೀಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಮಾರಾಟ ನಿಂತಿಲ್ಲ, ನಿಮಗೆಲ್ಲ ಗೊತ್ತು. ಟ್ಯೂಬಿನ ಮೇಲೆ ಕ್ಲೊಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ವಾಪಸ್ ಕೊಟ್ಟು ಬನ್ನಿ.

ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅನ್ನುತ್ತಾರೆ. ಆಗ ಸ್ರಾವವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಕ್ಯಾಂಡಿಡಾ ಎಂದು ತಿಳಿಯಬೇಕು, ಯಾಕೆಂದರೆ ಗ್ಲಾಬ್ರಾಟಾ, ಕ್ರುಸೈ ಎಂಬ ಬಗೆಗಳಿಗೆ ಫ್ಲುಕೊನಝೋಲ್ ಸರಿಯಾಗಿ ನಾಟುವುದಿಲ್ಲ. ಅಲ್ಬಿಕಾನ್ಸ್ ಆದರೆ ವಾರಕ್ಕೊಂದು ಮಾತ್ರೆ ಆರು ತಿಂಗಳು ಕೊಡುವ ಕ್ರಮ ಇದೆ. ಅಂದಾಜಿನಲ್ಲಿ ಆಗಾಗ ಒಂದೊಂದು ನುಂಗುವುದು ಯೀಸ್ಟಿಗೆ ತರಬೇತಿ ಕೊಟ್ಟ ಹಾಗೆ. ಔಷಧಿಗೆ ಬಗ್ಗದ ಯೀಸ್ಟ್ ಎಂಥದ್ದು ಎಂಬುದಕ್ಕೆ ಕ್ಯಾಂಡಿಡಾ ಆರಿಸ್ ಉದಾಹರಣೆ. 2009ರಲ್ಲಿ ಜಪಾನಿನಲ್ಲಿ ಒಬ್ಬರ ಕಿವಿಯಲ್ಲಿ ಸಿಕ್ಕಿತು, ಕೆಲವೇ ವರ್ಷದಲ್ಲಿ ದೆಹಲಿಯ ಆಸ್ಪತ್ರೆಗಳಿಂದಲೂ ವರದಿಯಾಯಿತು. ಅದು ಐಸಿಯುವಿನಲ್ಲಿರುವವರ ರಕ್ತಕ್ಕೆ ಇಳಿಯುವ ಸೋಂಕು, ಮನೆಯ ತುರಿಕೆಗೂ ಅದಕ್ಕೂ ಸಂಬಂಧ ಕಲ್ಪಿಸಿ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿದಾಗ ಆರಿಸ್ ಜೊತೆಗೆ ಅಲ್ಬಿಕಾನ್ಸನ್ನೂ ಮೊದಲ ಸಾಲಿನಲ್ಲೇ ಇಟ್ಟಿದೆ.

ಎಲ್ಲಿ ತೋರಿಸುವುದು? ಸರ್ಕಾರಿ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಸುರಕ್ಷಾ ಕ್ಲಿನಿಕ್ ಇರುತ್ತದೆ, ಪರೀಕ್ಷೆ, ಔಷಧಿ ಉಚಿತ. ಸ್ರಾವದ ತೊಂದರೆಗೆ ಅಲ್ಲಿ ಕೊಡುವ ಹಸಿರು ಬಣ್ಣದ ಕಿಟ್‌ನಲ್ಲಿ ಫ್ಲುಕೊನಝೋಲ್ ಜೊತೆಗೆ ಬ್ಯಾಕ್ಟೀರಿಯಾ, ಟ್ರೈಕೊಮೊನಾಸ್‌ಗೆ ಸೆಕ್ನಿಡಝೋಲ್ ಕೂಡ ಇರುತ್ತದೆ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಊರಿಂದ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇಲ್ಲಿನ ಭಾಷೆಯೇ ಗೋಡೆ. ಶಾಲೆಗೆ ಹೋಗುವ ಮಗನನ್ನೋ ಮೈದುನನನ್ನೋ ದುಭಾಷಿಯಾಗಿ ಕರೆದುಕೊಂಡು ಹೋಗಿ, ಅವನ ಮುಂದೆ ಹೇಳಲಾಗದೆ "ಹೊಟ್ಟೆನೋವು" ಎಂದು ಬರೆಸಿಕೊಂಡು ಬಂದವರಿದ್ದಾರೆ. ಬಿಳಿಸೆರಗಿಗೆ ಹಿಂದಿಯಲ್ಲಿ "ಸಫೇದ್ ಪಾನಿ", ಮರಾಠಿಯಲ್ಲಿ "ಅಂಗಾವರೂನ್ ಪಾಂಢರೆ ಜಾಣೆ", ತಮಿಳಿನಲ್ಲಿ "ವೆಳ್ಳೈಪಡುದಲ್", ತೆಲುಗಿನಲ್ಲಿ "ತೆಲ್ಲಬಟ್ಟ" ಅನ್ನುತ್ತಾರೆ. ಲೇಡಿ ಡಾಕ್ಟರ್ ಬೇಕೆಂದು ಕೇಳಬಹುದು. ಎಷ್ಟು ದಿನದಿಂದ, ವಾಸನೆ ಇದೆಯೋ ಇಲ್ಲವೋ, ಮುಟ್ಟು ನಿಂತಿದೆಯೋ, ಈಚೆಗೆ ಯಾವ ಮಾತ್ರೆ ನುಂಗಿದಿರಿ, ಯಾವ ಟ್ಯೂಬ್ ಹಚ್ಚಿದಿರಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇದೆಯೇ, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಖಾಲಿ ಟ್ಯೂಬನ್ನೂ ಜೊತೆಗೇ ಒಯ್ಯಿರಿ. ಜ್ವರ, ಕಿಬ್ಬೊಟ್ಟೆ ನೋವು, ಸ್ರಾವದಲ್ಲಿ ರಕ್ತ, ಅಥವಾ ಮುಟ್ಟು ನಿಂತ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಸ್ರಾವ ಇದ್ದರೆ ಮುಂದಿನ ವಾರಕ್ಕೆ ಹಾಕಬೇಡಿ.